ಮೊಳೆ: ಒಂದು

ಎಂಟು ಹೆಜ್ಜೆ ಉದ್ದ, ಐದೂವರೆ ಅಗಲ.
ಆ ಅರ್ಧ ಹೆಜ್ಜೆಯನ್ನು ಫ್ರಿಜ್ಜು ತಿಂದಿದೆ.
ಬೀಗದ ಕೈ ಕೊಡುತ್ತಾ ಏಜೆಂಟ್ ಬ್ರೆಂಡನ್ ಹೇಳಿದ:
ಮೊಳೆ ಹೊಡೆಯುವಂತಿಲ್ಲ, ಬಣ್ಣ ಬಳಿಯುವಂತಿಲ್ಲ,
ಏನಾದರೂ ಅಂಟಿಸಿ ಕಿತ್ತರೆ ಜೊತೆಗೆ ಗೋಡೆ ಬರಬಾರದು.
ತಲೆಯಾಡಿಸಿದೆ.
ಇಪ್ಪತ್ತೆರಡು ವರ್ಷ ಆಡಿಸಿದ ತಲೆ, ಇದೇನು ಮಹಾ.

ಫುಟ್ಸ್‌ಕ್ರೇ, ಮೂರನೆಯ ಮಹಡಿ, ಕೆಳಗೆ ಬೇಕರಿ.
ಬೆಳಗಿನ ನಾಲ್ಕಕ್ಕೇ ನೆಲದೊಳಗಿಂದ ಬೆಣ್ಣೆಯ ವಾಸನೆ ಏರಿ
ನನಗಿಂತ ಮೊದಲು ಎದ್ದು ಕೂತಿರುತ್ತದೆ.
ಇರುವುದು ಒಂದೇ ಕಿಟಕಿ, ಉತ್ತರಕ್ಕೆ.
ಈ ದೇಶದಲ್ಲಿ ಸೂರ್ಯ ಉತ್ತರದ ಬೀದಿ ಹಿಡಿದೇ ನಡೆಯುತ್ತಾನೆ;
ವಾಸ್ತುಪುರುಷ ಮಗ್ಗುಲು ಬದಲಿಸಿ ಮಲಗಿರಬೇಕು,
ಇಲ್ಲವೇ ಅವನಿಗೆ ವೀಸಾ ಸಿಕ್ಕಿರಲಿಕ್ಕಿಲ್ಲ.

ದೊಡ್ಡ ಮನೆಯಿಂದ ತಂದದ್ದು ಎರಡು ಸೂಟ್‌ಕೇಸು,
ಒಂದು ಹೊಲಿಗೆ ಯಂತ್ರ,
ಮತ್ತು ಗೊತ್ತಿಲ್ಲದೆ ಬಂದ ಒಂದು ಮುಚ್ಚಳ.
ಪಾತ್ರೆ ಅಲ್ಲೇ ಉಳಿಯಿತು, ಅವನ ಪಾಲಿಗೆ.
ವಕೀಲರ ಪಟ್ಟಿಯಲ್ಲಿ ಎರಡೂ ಸೇರಿ ಒಂದೇ ಸಾಮಾನು.
ಮುಚ್ಚಳ ಮಗುಚಿ ಬಾಗಿಲ ಬಳಿ ಇಟ್ಟಿದ್ದೇನೆ:
ಕೀಲಿ, ಚಿಲ್ಲರೆ, ರೈಲಿನ ಕಾರ್ಡು.
ಹಿಡಿ ಕೆಳಗಾಯಿತಲ್ಲ, ಸದಾ ಒಂದು ಕಡೆ ವಾಲುತ್ತದೆ.

ಆ ಮನೆಯಲ್ಲಿ ಪರದೆ ಮರಳಿನ ಬಣ್ಣ, ಸೋಫಾ ಮರಳಿನ ಬಣ್ಣ.
ಕೊಳೆ ಕಾಣದ ಬಣ್ಣವೇ ಒಳ್ಳೆಯದು ಎನ್ನುತ್ತಿದ್ದ.
ಕಾಣಲಿಲ್ಲ, ನಿಜ.

ಪರದೆಗೆ ಬಟ್ಟೆ ತರಲು ಹೋದವಳು
ಅಂಗಡಿಯಲ್ಲಿ ಒಂದು ತಾಸು ನಿಂತೆ.
ಯಾವ ಬಣ್ಣ ಇಷ್ಟ ಎಂದು ಹುಡುಗಿ ಕೇಳಿದಾಗ
ಯಾರೋ ನನ್ನ ಮದುವೆಗೆ ಮುಂಚಿನ ವಿಳಾಸ ಕೇಳಿದಂತಾಯಿತು,
ಬಾಯಿಗೆ ಬರಲಿಲ್ಲ.
ಕೊನೆಗೆ ಬೆರಳು ಹೋಗಿ ನಿಂತದ್ದು,
ಹಾಗಲಕಾಯಿ ಬಳ್ಳಿಯಲ್ಲೇ ಹಣ್ಣಾಗಿ ಬಾಯಿಬಿಟ್ಟಾಗ
ಒಳಗೊಂದು ಕೆಂಪು ಇರುತ್ತದಲ್ಲ, ಅದರ ಮೇಲೆ.
ಮೂರು ಮೀಟರು. ನಾನೇ ಹೊಲಿದೆ. ಒಂದಂಚು ಸೊಟ್ಟ.

ಪಕ್ಕದ ಮನೆಯ ಥುಯಿ ಮತ್ತು ನಾನು
ಯಾರೋ ಬೇಡವೆಂದು ಬೀದಿಗಿಟ್ಟ ಕುರ್ಚಿಯನ್ನು
ರಾತ್ರಿ ಹನ್ನೊಂದಕ್ಕೆ ಕಳ್ಳರ ಹಾಗೆ ಹೊತ್ತು ತಂದೆವು.
ಲಿಫ್ಟಿನೊಳಗೆ ಅವಳು ಅದರ ಮೇಲೆ ಕೂತೇಬಿಟ್ಟಳು,
ಚಪ್ಪಲಿ ಕಳಚಿ, ಮಹಾರಾಣಿಯಂತೆ, ಮೂರು ಮಹಡಿಯ ಮಟ್ಟಿಗೆ.
ನಕ್ಕು ನಕ್ಕು ನನಗೆ ಬಟನ್ ಒತ್ತುವುದೇ ಮರೆತಿತ್ತು;
ನಾವು ಇನ್ನೂ ನೆಲದಲ್ಲೇ ಇದ್ದೆವು.

ಗೋಡೆ ಒರೆಸುವಾಗ ಕೈಗೆ ಒಂದು ಗಂಟು ತಗುಲಿತು.
ಉಗುರಿನಿಂದ ಕೆರೆದೆ.
ಬಿಳಿ, ಅದರಡಿ ಕೆನೆ, ಅದರಡಿ ಪಾಚಿ ಹಸಿರು,
ಒಬ್ಬೊಬ್ಬ ಬಾಡಿಗೆದಾರನ ಕಾಲಕ್ಕೆ ಒಂದೊಂದು ಪದರ.
ಎಲ್ಲದರಡಿ ಒಂದು ಮೊಳೆ.
ಯಾರು ಹೊಡೆದರೋ, ಏನು ತೂಗಿತ್ತೋ.
ಕಿತ್ತು ಬಿಸಾಡದೆ, ಅದರ ಮೇಲೇ ಬಳಿಯುತ್ತ ಬಂದಿದ್ದಾರೆ.

ಛತ್ರಿ ಹಾಕಿ ನೋಡಿದೆ, ನೀರು ತೊಟ್ಟಿಕ್ಕಿತು.
ಅಕ್ಕ ಕಳಿಸಿದ ಕ್ಯಾಲೆಂಡರು ಹಾಕಿದೆ,
ಇಲ್ಲಿ ಅಮಾವಾಸ್ಯೆಯೂ ಅದರ ಮಾತು ಕೇಳುವುದಿಲ್ಲ.
ಥುಯಿ ಒಂದು ಚಿತ್ರ ತಂದಳು: ಕೊಳ, ಬಾತು.
ಚೆನ್ನಾಗಿತ್ತು. ಒಂದು ವಾರ ಬಾತು ನನ್ನನ್ನೇ ನೋಡಿತು.
ತೆಗೆದಿಟ್ಟೆ.

ಈಗ ಜೂನ್, ಚಳಿ. ಬಿಸಿಲು ಬಗ್ಗಿ ಒಳಕ್ಕೆ ಬರುತ್ತದೆ,
ಕೆಂಪು ಪರದೆ ಸರಿಸಿದರೆ ನೇರ ಎದುರು ಗೋಡೆಗೆ.
ಬರಿಯ ಮೊಳೆಗೆ ಆಗ ಒಂದು ನೆರಳು ಹುಟ್ಟುತ್ತದೆ.
ಬೆಳಿಗ್ಗೆ ಬಲಕ್ಕೆ, ನಾನು ತಟ್ಟೆ ತೊಳೆಯುವಷ್ಟರಲ್ಲಿ ಗಿಡ್ಡ,
ಮಧ್ಯಾಹ್ನ ದಾಟಿ ಎಡಕ್ಕೆ, ಗೇಣುದ್ದ.
ರಜೆಯ ದಿನ ಕುರ್ಚಿ ತಿರುಗಿಸಿ ಕೂತು ನೋಡುತ್ತೇನೆ.
ಚಹಾ ಆರುತ್ತದೆ.

ಆರು ತಿಂಗಳ ತಪಾಸಣೆಗೆ ಬ್ರೆಂಡನ್ ಬಂದ.
ಶೂ ಬಿಚ್ಚಲೇ ಎಂದು ಕೇಳಿದ, ಬಿಚ್ಚಿದ,
ಒಂದು ಕಾಲುಚೀಲಕ್ಕೆ ತೂತು.
ಗೋಡೆಯ ಮುಂದೆ ನಿಂತ.
ಇದು ನೀವು ಹೊಡೆದದ್ದೇ?
ಅಲ್ಲ, ಎಂದೆ. ದನಿ ನಾನೆಣಿಸಿದ್ದಕ್ಕಿಂತ ದೊಡ್ಡದಾಗಿತ್ತು.
ಬೆರಳಿನಿಂದ ಬಣ್ಣದ ಪದರ ಮುಟ್ಟಿ ನೋಡಿ
ಫಾರಂನಲ್ಲಿ ಬರೆದುಕೊಂಡ:
ಮೊಳೆ, ಒಂದು. ಮೊದಲಿನಿಂದಲೂ ಇದೆ.
ಓದಿ ಸಹಿ ಹಾಕಿದೆ.

ಹೋಗುವಾಗ ಪೆನ್ನನ್ನು ಮುಚ್ಚಳದಲ್ಲೇ ಬಿಟ್ಟು ಹೋದ.