ದ್ರಾಕ್ಷಿ ಸುಲಿಯುವ ಪಾಠ

ಥರ್ಮೋಕೋಲ್ ಡಬ್ಬದ ಮುಚ್ಚಳಕ್ಕೆ ಎರಡು ತೂತು,
ಒಳಗೊಂದು ಬಲ್ಬು, ಮುಬೀನಾಳ ಹಳೆಯ ಮೊಬೈಲು.
ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆ, ಹಿಂದಿನ ಉಗ್ರಾಣ,
ಸಂಜೆ ಐದೂವರೆಗೆ ನಮ್ಮ ಶಾಲೆ.

ನನಗೆ ಐವತ್ತೇಳು. ಮೇಡಂಗೆ ಮೂವತ್ತೊಂದು.
"ಸರ್, ಇವತ್ತು ದ್ರಾಕ್ಷಿ" ಅಂದಳು.
ನಂದಿ ಕಡೆಯ ಕಪ್ಪು ದ್ರಾಕ್ಷಿ, ಬೀಜದ್ದು,
ಗಾಡಿಯವನಿಂದ ತಂದ ಅರ್ಧ ಕೆಜಿ.
"ಸಿಪ್ಪೆ ಬರಬೇಕು, ರಸ ಬರಬಾರದು."

ಸುಲಭ ಅಂದುಕೊಂಡೆ.
ಮೂವತ್ತು ವರ್ಷ ಹೊಟ್ಟೆಗಳನ್ನು ತೆರೆದವನು,
ಕರೆಂಟು ಹೋದ ರಾತ್ರಿ, ಕಾಣದ ರಕ್ತನಾಳವನ್ನು
ಬೆರಳ ತುದಿಯಲ್ಲೇ ಹುಡುಕಿ ಒತ್ತಿ ಹಿಡಿದವನು.
ಆ ಬೆರಳಿಗೆ ಇಲ್ಲಿ ಕೆಲಸವಿಲ್ಲ.
ಒಂದಡಿ ಕಡ್ಡಿಯ ಆಚೆ ತುದಿಗೆ
ಅಕ್ಕಿಕಾಳಿನಷ್ಟು ಕೊಕ್ಕು.
ನಾನು ಎಡಕ್ಕೆ ಅಂದರೆ ಅದು ಬಲಕ್ಕೆ,
ಎತ್ತಿದರೆ ಇಳಿಯುತ್ತದೆ.
ಕನ್ನಡಿ ಮುಂದೆ ಮೊದಲ ಸಲ ಗಡ್ಡ ಹೆರೆಯುವ
ಹುಡುಗನ ಹಾಗೆ ಬೆವರಿದೆ.

ಮೊದಲನೆಯದು ಒಡೆಯಿತು. ಎರಡನೆಯದು ಉರುಳಿ ಮೂಲೆ ಸೇರಿತು.
ಆರನೆಯದರ ರಸ ಮೊಬೈಲಿನ ಕಣ್ಣಿಗೇ ಚಿಮ್ಮಿ
ಪರದೆಯೆಲ್ಲ ನೇರಳೆ.
"ಪೇಷೆಂಟ್ ಹೋದ" ಅಂದೆ.
ಅವಳು ನಗಲಿಲ್ಲ. ಒರೆಸಿದಳು.

"ನೀವು ಎಳೀತೀರಿ ಸರ್. ಎಳೀಬೇಡಿ."
ಶಿಡ್ಲಘಟ್ಟದಲ್ಲಿ ಅವಳ ಅಮ್ಮಿ ರೀಲಿಂಗ್ ಮಾಡುತ್ತಿದ್ದರಂತೆ,
ಕುದಿನೀರಲ್ಲಿ ಗೂಡುಗಳು ಕುಣಿಯುವಾಗ
ಎಳೆಯ ತುದಿ ತಾನಾಗಿ ಸಿಗುವ ತನಕ ಕಾದು.
"ಬೆಂದ ಬೆರಳಿಗೆ ಏನು ತಿಳಿಯುತ್ತೆ ಸರ್?
ಅಮ್ಮಿಗೆ ಕಣ್ಣಲ್ಲೇ ಗೊತ್ತಾಗೋದು,
ಬಿಗಿಯಾಯ್ತು, ಇನ್ನು ತುಂಡಾಗುತ್ತೆ ಅಂತ."

ಪರದೆ ನೋಡಿದೆ. ಸಿಪ್ಪೆಯ ಅಂಚು ಬಿಳಿಚಿತ್ತು.
ಸಡಿಲಿಸಿದೆ.
ಬಣ್ಣ ಮರಳಿತು.

ಹೋದ ತಿಂಗಳು ಪೆರೇಸಂದ್ರದ ಅಕ್ಕಯ್ಯಮ್ಮ,
ಇಪ್ಪತ್ತು ವರ್ಷದ ಹಿಂದೆ ನಾನೇ ಪಿತ್ತಕೋಶ ತೆಗೆದವಳು,
ಸೊಸೆಯ ಹೊಟ್ಟೆಯ ಮೇಲಿನ ನಾಲ್ಕು ಚುಕ್ಕೆ ನೋಡಿ
"ನಿಜವಾಗ್ಲೂ ತೆಗೆದ್ರಾ ಆಯಮ್ಮ?" ಎಂದು ನನ್ನ ಕೇಳಿದಳು.
ಆಮೇಲೆ ಸೆರಗಿನ ಮೇಲಿಂದಲೇ
ತನ್ನ ಗೇಣುದ್ದದ ಗೆರೆ ಸವರಿಕೊಂಡು
"ಚಳಿಗಾಲಕ್ಕೆ ಇದು ಈಗ್ಲೂ ಎಳೀತದೆ ಸ್ವಾಮಿ" ಅಂದಳು,
ಮೋಡ ಕಟ್ಟಿದೆ ಅನ್ನುವಷ್ಟೇ ಸಹಜವಾಗಿ.
ಅವತ್ತೇ ನಾನು ಇಲ್ಲಿ ಹೆಸರು ಬರೆಸಿದ್ದು.

ಹದಿನೇಳನೆಯದು.
ಸಿಪ್ಪೆ ಬಿಟ್ಟಿತು.
ಡಬ್ಬದ ಬೆಳಕಿನಲ್ಲಿ ಬೀಜ ಕಾಣುವಷ್ಟು ತೆಳ್ಳಗೆ
ಹಣ್ಣು ಹಾಗೇ ಕೂತಿದೆ, ಒಂದು ಹನಿ ಸೋರದೆ.
ಇಪ್ಪತ್ತಮೂರು ನಿಮಿಷ. ಅವಳಿಗಾದರೆ ನಾಲ್ಕು.
ಬೆನ್ನು ನೆಟ್ಟಗೆ ಮಾಡಿ, ಏನಾದರೂ ಅಂದಾಳೆಂದು ನಿಂತೆ.

ಪರದೆಯಿಂದ ಕಣ್ಣು ತೆಗೆಯದೆ
"ಈಗ ಎಡಗೈಯಲ್ಲಿ" ಅಂದಳು.