ಎತ್ವ

ಐನೂರು ಪ್ರತಿ ಬಂದಿಳಿದವು ಗೂಡ್ಸ್ ಆಟೋದಲ್ಲಿ,
ಗೋಪಿ ಸರ್ಕಲ್ ಹಿಂದಿನ ಪ್ರೆಸ್ಸಿನಿಂದ.
ಇನ್ನೂ ಬೆಚ್ಚಗಿದ್ದವು, ಅಂಟಿನ ವಾಸನೆ.
ಎಂಟನೇ ಕಾದಂಬರಿ. ಪ್ರಕಾಶಕಿ ನಾನೇ, ಹಮಾಲಿಯೂ ನಾನೇ,
ಬೆನ್ನುಡಿಯಲ್ಲಿ ‘ಎದೆ ಝಲ್ಲೆನ್ನುತ್ತದೆ’ ಎಂದು ಹೊಗಳಿದವಳೂ
ಬೇರೆ ಹೆಸರಿನ ನಾನೇ.

ಕಟ್ಟು ಬಿಚ್ಚಿ ನಡುವೆ ಎಲ್ಲೋ ತೆರೆದೆ.
ಪುಟ ನೂರಾ ಹದಿನೇಳು.
ನನ್ನ ನಾಯಕಿ ಟಾರ್ಚು ಹಿಡಿದು
ಐಸ್ ಫ್ಯಾಕ್ಟರಿಯ ಕೊನೇ ಕೋಣೆಯ ಅಗುಳಿ ಸರಿಸುತ್ತಾಳೆ.
ಆರು ತಿಂಗಳು ಆ ಅಗುಳಿಗೆ ಅವಳ ಕೈ ತಾಗಲು ಬಿಟ್ಟಿರಲಿಲ್ಲ ನಾನು.
ನೆಲದ ಮೇಲೆ ಹಣ ಬಿದ್ದಿತ್ತು.
ಅವಳು ಕಿಟಾರನೆ ಚೀರಿದಳು.

ಹೆಣ ಎಂದು ಬರೆದದ್ದು.

ತಬಸ್ಸುಮ್‌ಗೆ ಫೋನ್ ಮಾಡಿದೆ, ಡಿಟಿಪಿ ಅವಳದು.
‘ಅಕ್ಕಾ, ಆವತ್ತು ಕರೆಂಟು ಹೋಗಿ ಬಂತಲ್ಲ,
ಫಾಂಟು ಬದಲಾಯಿಸುವಾಗ ಉದುರಿರಬೇಕು’ ಎಂದಳು,
ಕಿವಿಯೋಲೆಯ ತಿರುಪು ಉದುರಿದ ಹಾಗೆ.
ಇಬ್ಬರೂ ನಕ್ಕೆವು. ಆಮೇಲೆ ಅವಳು ಅತ್ತಳು.
ಪ್ರೂಫು ನೋಡಿದವಳು ನಾನು, ಅವಳಲ್ಲ.

ಹಗಲು ನನ್ನ ಕೆಲಸ ನೆಹರೂ ರಸ್ತೆಯ ಕನ್ನಡಕದಂಗಡಿಯಲ್ಲಿ.
ಒಂದು ಕಣ್ಣು ಮುಚ್ಚಿಸಿ ಕೇಳುತ್ತೇನೆ:
ಕೆಳಗಿನ ಸಾಲು ಕಾಣುತ್ತಾ? ಈಗ? ಈ ಗಾಜಿನಲ್ಲಿ?
ಕಾಣದ್ದನ್ನೂ ಕಾಣುತ್ತದೆ ಎನ್ನುವವರೇ ಹೆಚ್ಚು.
ನನ್ನ ಇನ್ನೊಂದು ಕಸುಬಿನ ಗುಟ್ಟು ಅಲ್ಲೇ ಕಲಿತದ್ದು.

ಮರುಮುದ್ರಣಕ್ಕೆ ಹಣ, ಈ ಸಲ ಸರಿಯಾಗಿಯೇ ಬರೆದಿದ್ದೇನೆ, ಇರಲಿಲ್ಲ.
ಕಾಗದದ ಬಾಕಿ ಹದಿನೆಂಟು ಸಾವಿರ.
ಗುರುಬಸಪ್ಪನವರು ಕೇಳುವುದಿಲ್ಲ,
ಬರೀ ಗಂಟಲು ಸರಿಮಾಡಿಕೊಳ್ಳುತ್ತಾರೆ.
ಹತ್ತು ರೂಪಾಯಿಯ ಕಪ್ಪು ಜೆಲ್ ಪೆನ್ನು ಮೂರು ತಂದೆ.

ಹೀಗೆ ಶುರುವಾಯಿತು ರಾತ್ರಿಪಾಳಿ.
ಊಟವಾದ ಮೇಲೆ ಮಂಚದಡಿಯಿಂದ ಒಂದು ಕಟ್ಟು ಎಳೆದು,
ಪುಟ ಹುಡುಕಿ, ಉಸಿರು ಹಿಡಿದು,
ತಲೆಕಟ್ಟಿನ ತುದಿಗೊಂದು ಸಣ್ಣ ಸುರುಳಿ.
ಶಾಯಿ ಒಣಗುವ ತನಕ ಊದಬೇಕು.
ಮತ್ತೆ ಪ್ಲಾಸ್ಟಿಕ್ಕು ಸುತ್ತಿ ಅಂಚು ಅಂಟಿಸಬೇಕು.
ಒಂದು ಹೆಣ. ಇನ್ನೊಂದು ಹೆಣ.
ಎಂಬತ್ತರ ಹೊತ್ತಿಗೆ ಹೊಳೆಯಿತು:
ದೆವ್ವಕ್ಕೆ ಒಂದು ಎತ್ವ, ಹೆದರಿಕೆಗೆ ಎರಡು.
ಹಣ ಮಾತ್ರ ತಲೆಕಟ್ಟು ಕಟ್ಟಿಕೊಂಡು
ಮದುವೆಗೆ ಹೊರಟಂತೆ ನಿಂತಿದೆ.

ಅಂಚೆ ಕಚೇರಿಯ ಯಶೋಧರ ತಕ್ಕಡಿಗಿಟ್ಟು
‘ಮತ್ತೆ ದೆವ್ವಾನಾ ಮೇಡಂ?
ಮುನ್ನೂರ ಹನ್ನೆರಡು ಗ್ರಾಮು’ ಎನ್ನುತ್ತಾನೆ.
ದಿನಕ್ಕೆ ಎರಡು, ಮೂರು. ಶ್ರಾವಣದಲ್ಲಿ ಒಂದೂ ಇಲ್ಲ.
ಪಿತೃಪಕ್ಷದಲ್ಲಿ, ಯಾಕೋ, ಹದಿನೈದು.

ಕಂಡವರೆಲ್ಲ ಕೇಳುತ್ತಾರೆ, ನೀವು ನೋಡಿದ್ದೀರಾ?
ಊಟದ ಪಂಕ್ತಿಯಲ್ಲಿ, ಪಾಯಸದ ಸೌಟು ಹಿಡಿದುಕೊಂಡೇ.
ಇಲ್ಲ. ನಾನು ನೋಡಿದ್ದು ತೂಕ, ರಸೀದಿ,
ವಾಪಸು ಬಂದ ಪಾರ್ಸೆಲ್ಲಿನ ಮೇಲೆ
‘ವಿಳಾಸದಾರರು ಇಲ್ಲ’ ಎಂಬ ಸೀಲು.
ಅದು ಸ್ವಲ್ಪ ಹತ್ತಿರ.

ನಿನ್ನೆ ಆಯನೂರಿನಿಂದ ಒಂದು ಕಾರ್ಡು.
ರೈಸ್‌ಮಿಲ್ಲಿನ ರಾತ್ರಿ ಕಾವಲುಗಾರ ಕಾಳಿಂಗಪ್ಪ, ದುಂಡನೆ ಅಕ್ಷರ.
‘ಕತೆ ಸಾಧಾರಣ. ಇಂಥವು ಬಹಳ ಓದಿದ್ದೇನೆ.
ಐಸ್ ಫ್ಯಾಕ್ಟರಿಯಲ್ಲಿ ಅಷ್ಟು ಕತ್ತಲೆ ಇರುವುದಿಲ್ಲ, ನಾನು ದುಡಿದವನು.
ಆದರೆ ಪ್ಲಾಸ್ಟಿಕ್ಕು ಹರಿದು ಹೊಸ ಪುಸ್ತಕ ತೆಗೆದವನು ನಾನೇ.
ನೂರಾ ಹದಿನೇಳನೇ ಪುಟದಲ್ಲಿ
ಆ ಒಂದು ಪದದ ಮೇಲೆ ಮಾತ್ರ ಯಾರೋ ಪೆನ್ನಾಡಿಸಿದ್ದಾರೆ.
ಸವರಿದರೆ ಬೆರಳಿಗೆ ತಗ್ಗು ತಾಗುತ್ತದೆ.
ನನಗಿಂತ ಮೊದಲು ಒಳಗೆ ಹೋದವರು ಯಾರು?
ಆ ರಾತ್ರಿ ಮಿಲ್ಲಿನ ಸುತ್ತ ಎರಡನೇ ಸುತ್ತು ಹಾಕಲಿಲ್ಲ.
ಉತ್ತರ ಬರೆಯಿರಿ. ಬರೆಯದಿದ್ದರೂ ಸರಿ.’

ಕಾರ್ಡನ್ನು ಮೂರು ಸಲ ಓದಿದೆ.
ಮಂಚದಡಿ ಇನ್ನೂ ಇನ್ನೂರ ನಲವತ್ತು ಹಣ.
ಮೂರನೇ ಪೆನ್ನು ತೀರುತ್ತಾ ಬಂದಿದೆ.
ಉತ್ತರ ಬರೆಯಲಿಲ್ಲ.
ಮುಂದಿನ ಪ್ರತಿ ತೆಗೆದು, ಉಸಿರು ಹಿಡಿದು, ಸುರುಳಿ ಹಾಕಿದೆ,
ಸ್ವಲ್ಪ ಹೆಚ್ಚು ಒತ್ತಿ.