ಚಿಟಿಕೆ

ಗಾಜನೂರಿನ ಮೂರನೇ ಹೊಂಡಕ್ಕೆ ಇವತ್ತು ನನ್ನದೇ ಪಾಳಿ.
ತೌಡು, ಕಡಲೆ ಹಿಂಡಿ, ಕಲಸಲು ಗಂಜಿ;
ಕೊನೆಗೆ ಡಬ್ಬಿಯ ಬಿಳಿ ಪುಡಿ,
ದತ್ತು ಶೇಟರು ಕೊಟ್ಟ ಹಳೇ ಚಿನ್ನದ ತಕ್ಕಡಿಯಲ್ಲಿ
ಉಸಿರು ಬಿಗಿಹಿಡಿದು ತೂಗಿದ್ದು.

ಮೆಥಿಯೋನಿನ್ ಅಂದಳು ತರಬೇತಿಗೆ ಬಂದ ಹುಡುಗಿ.
ನನ್ನ ನಾಲಿಗೆಗೆ ಅದು ಮೆಂತ್ಯೆಯೇ.
ಕೊಳೆತ ಕೋಸಿನ ನಾತ,
ಸೀಗೆ ಹಾಕಿ ತಿಕ್ಕಿದರೂ ಬೆರಳು ಬಿಡದು.
ಉಣ್ಣುವಾಗ ಗುಲಾಬಿ ತನ್ನ ತಟ್ಟೆ
ಅತ್ತ ಎಳೆದುಕೊಳ್ಳುತ್ತಾಳೆ.

"ಮೀನು ಇದನ್ನು ತಾನೇ ಕಟ್ಟಿಕೊಳ್ಳಲಾರದು,
ಹೊರಗಿಂದಲೇ ಬರಬೇಕು.
ಇದೊಂದು ಕಮ್ಮಿಯಾದರೆ
ಉಳಿದ ಮೇವೆಲ್ಲ ನೀರುಪಾಲು."

ಹೋದ ವರ್ಷ ಹೊಟ್ಟೆ ತುಂಬ ಕೆಂಪು ಹುಣ್ಣೆದ್ದು ತೇಲಿದ ಕಾಟ್ಲಾಗಳನ್ನು
ಬುಟ್ಟಿಗಟ್ಟಲೆ ಹೊತ್ತು ಹೂತವನು ನಾನು.
ಈ ಸಲ ಬಲೆ ಎಳೆದಾಗ
ಒಂದರ ಪಕ್ಕೆಯಲ್ಲಿ ಮಾಸಿದ ಗಾಯ,
ಅದರ ಮೇಲೆ ಉಗುರಿಗಿಂತ ತೆಳ್ಳಗೆ
ಹೊಸ ಹುರುಪೆ.

ಪುಡಿಯಿಂದಲೋ, ಮಳೆನೀರು ಹೊಕ್ಕಿದ್ದಕ್ಕೋ?
ಹುಡುಗಿ ಬರೆದುಕೊಂಡಳು, ಖಚಿತ ಹೇಳಲಿಲ್ಲ.
ನಾನು ಅದನ್ನು ನೀರಿಗೆ ಬಿಟ್ಟೆ,
ಬಾಲ ಮುಖಕ್ಕೆ ಹೊಡೆದು ಹೋಯಿತು.

ರಾತ್ರಿ ಗುಲಾಬಿ ಕೇಳಿದಳು, ಎಷ್ಟು ತೂಗಿತು?
ಮುಕ್ಕಾಲು ಕೇಜಿ ಅಂದೆ.
ತಟ್ಟೆ ಇದ್ದಲ್ಲೇ ಇತ್ತು.